ಡಿಬೇಟ್ ಮುಗಿದ ಕೂಡಲೇ ಟಿವಿ ಆರಿಸಿ

ಹೋದ ಸಂಚಿಕೆಯಲ್ಲಿ ಅಮೆರಿಕದ ಪ್ರೈಮರಿ ಚುನಾವಣೆ ಬಗ್ಗೆ ಬರೆದಿದ್ದೆ. ಒಂದು ಪಕ್ಷದ ಅಭ್ಯರ್ಥಿ ಯಾರಾಗಬೇಕು ಅನ್ನೋದನ್ನು ಅಲ್ಲಿ ಸಾಮಾನ್ಯ ಮತದಾರರೇ ಮತ ಹಾಕಿ ತೀರ್ಮಾನಿಸುತ್ತಾರೆ. ಅದಕ್ಕೂ ಮೊದಲು ಆಕಾಂಕ್ಷಿಗಳು ಟಿವಿಯಲ್ಲಿ ಒಂದೇ ವೇದಿಕೆ ಮೇಲೆ ನಿಂತು ವಾದ ಮಾಡುತ್ತಾರೆ. ಆಮೇಲೆ ಬಂದ ಪತ್ರಗಳಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರದವೇ ಜಾಸ್ತಿ. ಅಮೆರಿಕದ ಮಾತು ಕೇಳುತ್ತಾ ನೀವೆಲ್ಲ ನಮ್ಮ ಟಿವಿ ಬಗ್ಗೆಯೂ ಕೇಳಿದ್ದೀರಿ. ಒಳ್ಳೇದೇ ಆಯಿತು. ನಾನು ವಿಜಯಪುರದಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಚುನಾವಣೆ ಡ್ಯೂಟಿಗೆ ಮತಗಟ್ಟೆಯಲ್ಲೂ ಕೂತಿದ್ದೇನೆ. ಈ ವಿಷಯ ನನಗೆ ಸುಮ್ನೆ ಹರಟೆಯಲ್ಲ.

ಪ್ರಶ್ನೆ: ಮೇಡಂ, ನಾನು ಬ್ಯಾಂಕ್ ನೌಕರಿಯಿಂದ ನಿವೃತ್ತನಾದವನು. ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ, ಅಲ್ಲಿನ ಪೌರತ್ವ ಸಿಕ್ಕಿದೆ. ಮುಂದಿನ ಪ್ರೈಮರಿಯಲ್ಲಿ ಮೊದಲ ಸಲ ಮತ ಹಾಕುತ್ತಾಳೆ. ಅದಕ್ಕೇ ಹಳೇ ಡಿಬೇಟ್‌ಗಳನ್ನು ಹುಡುಕಿ ನೋಡುತ್ತಿದ್ದಾಳೆ, ನನಗೂ ಕಳಿಸುತ್ತಾಳೆ. 2019ರ ಮಯಾಮಿ ಡಿಬೇಟ್ ಪೂರ್ತಿ ನೋಡಿದೆವು. ಎರಡು ಗಂಟೆ ಆದರೂ ಯಾರು ಏನು ಮಾಡುತ್ತಾರೆ ಅಂತ ತಿಳಿಯಲಿಲ್ಲ. ಮರುದಿನದ ಸುದ್ದಿ ನೋಡಿದರೆ ನಾವು ನೋಡಿದ್ದೇ ಬೇರೆ, ಅವರು ತೋರಿಸಿದ್ದೇ ಬೇರೆ. ಇದನ್ನು ಮತದಾರರಿಗಾಗಿ ಮಾಡುತ್ತಾರೋ, ಚಾನೆಲ್‌ಗಾಗಿ ಮಾಡುತ್ತಾರೋ?
(ಓದುಗರು, ಟಿಳಕವಾಡಿ, ಬೆಳಗಾವಿ)

ನಿಮಗೆ ತಿಳಿಯದೇ ಹೋದದ್ದು ನಿಮ್ಮ ತಪ್ಪಲ್ಲ ಸರ್. ಆ ಡಿಬೇಟ್ ನಡೆಸಿದ ರೀತಿಯೇ ಹಾಗಿತ್ತು.

ಡೆಮಾಕ್ರಟಿಕ್ ಪಕ್ಷದಿಂದ ಆ ವರ್ಷ 20 ಮಂದಿ ವೇದಿಕೆಗೆ ಬಂದರು. ಜೂನ್ 26ಕ್ಕೆ 10 ಜನ, 27ಕ್ಕೆ 10 ಜನ. ಒಂದು ಉತ್ತರಕ್ಕೆ 60 ಸೆಕೆಂಡ್, ಅದರ ಮೇಲೆ ಮರುಪ್ರಶ್ನೆ ಬಂದರೆ 30 ಸೆಕೆಂಡ್. ಎರಡು ಗಂಟೆಯಲ್ಲಿ ಜಾಹೀರಾತು, ಪ್ರಶ್ನೆ, ಒಬ್ಬರ ಮಾತಿಗೆ ಇನ್ನೊಬ್ಬರು ಬಾಯಿ ಹಾಕೋದು ಎಲ್ಲ ಕಳೆದರೆ ಏನು ಉಳೀತು? ಎರಡನೇ ರಾತ್ರಿ ಜೋ ಬೈಡನ್‌ಗೆ 13 ನಿಮಿಷದಷ್ಟು ಸಿಕ್ಕಿತು, ಆಂಡ್ರ್ಯೂ ಯಾಂಗ್‌ಗೆ ಸಿಕ್ಕಿದ್ದು ಹೆಚ್ಚುಕಡಿಮೆ 3 ನಿಮಿಷ. ಒಂದು ದೇಶ ನಡೆಸಲು ಹೊರಟ ಮನುಷ್ಯನನ್ನು 3 ನಿಮಿಷದಲ್ಲಿ ಹೇಗೆ ಅಳೆಯೋದು?

ಅದಕ್ಕಿಂತ ನನಗೆ ಸಿಟ್ಟು ಬರಿಸಿದ್ದು ಕೈ ಎತ್ತಿಸುವ ಪದ್ಧತಿ. ನೀವೂ ನೋಡಿರುತ್ತೀರಿ. ಖಾಸಗಿ ಆರೋಗ್ಯ ವಿಮೆ ರದ್ದು ಮಾಡಿ ಸರ್ಕಾರಿ ವಿಮೆ ತರಲು ಯಾರು ಸಿದ್ಧ, ಕೈ ಎತ್ತಿ ಅಂದರು. ಎರಡನೇ ರಾತ್ರಿ ಬರ್ನಿ ಸ್ಯಾಂಡರ್ಸ್ ಕೈ ಎತ್ತಿದರು, ಕಮಲಾ ಹ್ಯಾರಿಸ್ ಕೂಡ ಎತ್ತಿದರು. ಮರುದಿನ ಹ್ಯಾರಿಸ್, ನಾನು ಪ್ರಶ್ನೆಯನ್ನು ಬೇರೆ ಥರ ಅರ್ಥ ಮಾಡಿಕೊಂಡೆ, ನನ್ನ ಸ್ವಂತ ವಿಮೆ ಬಿಡುತ್ತೇನಾ ಅಂತ ಕೇಳಿದರು ಅಂದುಕೊಂಡೆ ಅಂದರು. ಕೋಟ್ಯಂತರ ಜನರ ಆಸ್ಪತ್ರೆ ಖರ್ಚಿನ ಪ್ರಶ್ನೆ ಅದು. ಅದಕ್ಕೆ ಕೇಳಿದ್ದು ಒಂದು ಕೈ, ಕೊಟ್ಟ ಸಮಯ ಒಂದೆರಡು ಸೆಕೆಂಡ್. 2023ರ ಆಗಸ್ಟ್ 23ಕ್ಕೆ ಮಿಲ್ವಾಕಿಯಲ್ಲಿ ರಿಪಬ್ಲಿಕನ್ನರ ಡಿಬೇಟ್‌ನಲ್ಲೂ ಹೀಗೇ ಆಯಿತು. ಹವಾಮಾನ ಬದಲಾವಣೆ ಬಗ್ಗೆ ಕೈ ಎತ್ತಿ ಅಂದಾಗ ರಾನ್ ಡಿಸ್ಯಾಂಟಿಸ್, ನಾವೇನು ಶಾಲೆ ಮಕ್ಕಳಲ್ಲ ಅಂತ ತಡೆದರು. ಅವರ ಬೇರೆ ಯಾವ ಮಾತು ಒಪ್ಪುತ್ತೇನೋ ಬಿಡುತ್ತೇನೋ, ಅಷ್ಟು ಮಾತ್ರ ಸರಿ. ಕ್ಲಾಸಿನಲ್ಲಿ ಕೈ ಎತ್ತಿಸಿದ ಮೇಲೆ ನಾವು ಒಬ್ಬೊಬ್ಬರನ್ನೇ ಎಬ್ಬಿಸಿ, ಯಾಕೆ ಅಂತ ಕೇಳುತ್ತಿದ್ದೆವು. ಟಿವಿಯಲ್ಲಿ ಆ 'ಯಾಕೆ' ಬರೋದೇ ಅಪರೂಪ.

ಮೊದಲಿನಿಂದಲೂ ಹೀಗೇ ಇರಲಿಲ್ಲ. 1948ರ ಮೇ 17ಕ್ಕೆ ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ರಿಪಬ್ಲಿಕನ್ ಪಕ್ಷದ ಥಾಮಸ್ ಡ್ಯೂಯಿ, ಹೆರಾಲ್ಡ್ ಸ್ಟ್ಯಾಸೆನ್ ಇಬ್ಬರೂ ರೇಡಿಯೊದಲ್ಲಿ ಎದುರುಬದುರಾದರು. ಒಂದು ಗಂಟೆ, ಒಂದೇ ಪ್ರಶ್ನೆ: ಕಮ್ಯುನಿಸ್ಟ್ ಪಕ್ಷವನ್ನು ಕಾನೂನಿನಿಂದ ನಿಷೇಧಿಸಬೇಕೋ ಬೇಡವೋ. ಸ್ಟ್ಯಾಸೆನ್ ಬೇಕು ಅಂದರು. ಡ್ಯೂಯಿ ಬೇಡ ಅಂದರು, ವಿಚಾರವನ್ನು ಕಾನೂನಿನಿಂದ ಹೊಡೆದು ಹಾಕಲಾಗದು ಅಂತ ವಾದಿಸಿದರು. ಆಗ ಅಮೆರಿಕದಲ್ಲಿ ಕಮ್ಯುನಿಸ್ಟರ ಭಯ ಎಷ್ಟಿತ್ತು ಅಂತ ನೆನಪು ಮಾಡಿಕೊಳ್ಳಿ. ಅಂಥ ಹೊತ್ತಿನಲ್ಲಿ ಜನಕ್ಕೆ ಇಷ್ಟವಾಗದ ಪಕ್ಷ ಹಿಡಿದು ಮಾತಾಡಿದ ಡ್ಯೂಯಿ ಆರೆಗನ್ ಪ್ರೈಮರಿ ಗೆದ್ದರು. ಕೇಳುಗರಿಗೆ ಪೂರ್ತಿ ವಾದ ಕೇಳುವ ತಾಳ್ಮೆ ಇತ್ತು. ಇವತ್ತಿನವರಿಗೂ ಇದೆ ಅಂತಲೇ ನಾನು ನಂಬಿದ್ದೇನೆ. ಅವಕಾಶ ಕೊಡುವವರಿಲ್ಲ ಅಷ್ಟೇ.

ಜನ ಜಾಸ್ತಿಯಾದರೆ ಏನು ಮಾಡಬೇಕು ಅಂತ ನೀವು ಕೇಳಬಹುದು. ಬೆಳಗಾವಿಯವರಿಗೆ ಇದು ಹೊಸ ತೊಂದರೆಯಲ್ಲ. 1996ರ ಲೋಕಸಭೆ ಚುನಾವಣೆಯಲ್ಲಿ ನಿಮ್ಮ ಕ್ಷೇತ್ರದಲ್ಲಿ 456 ಅಭ್ಯರ್ಥಿಗಳಿದ್ದರು. ಆಮೇಲೆ ಠೇವಣಿ ಮೊತ್ತವನ್ನು 500 ರೂಪಾಯಿಯಿಂದ 10,000ಕ್ಕೆ ಏರಿಸಿದರು. ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು, ಒಪ್ಪುತ್ತೇನೆ. ಆದರೆ ಅಮೆರಿಕದಲ್ಲಿ ಗೆರೆ ಎಳೆಯೋದು ಸಮೀಕ್ಷೆ ಮತ್ತು ದೇಣಿಗೆ ನೋಡಿ. 2019ರಲ್ಲಿ ಮೂರು ಸಮೀಕ್ಷೆಗಳಲ್ಲಿ ಶೇ 1ರಷ್ಟು ಬೆಂಬಲ ಇರಬೇಕಿತ್ತು, ಇಲ್ಲವೇ 65,000 ಜನರಿಂದ ದೇಣಿಗೆ ಬಂದಿರಬೇಕಿತ್ತು. 2015ರಲ್ಲಿ ರಿಪಬ್ಲಿಕನ್ನರು 17 ಮಂದಿ ಇದ್ದಾಗ ಸಮೀಕ್ಷೆಯಲ್ಲಿ ಮುಂದಿದ್ದ 10 ಜನಕ್ಕೆ ರಾತ್ರಿಯ ದೊಡ್ಡ ವೇದಿಕೆ, ಉಳಿದ 7 ಜನಕ್ಕೆ ಸಂಜೆ ಬೇರೆ ಡಿಬೇಟ್.

ಇಲ್ಲಿ ಒಂದು ಸುತ್ತು ಇದೆ, ಮಗಳಿಗೆ ಇದನ್ನು ಬಿಡಿಸಿ ಹೇಳಿ. ಟಿವಿಯಲ್ಲಿ ಕಂಡವರ ಹೆಸರು ಜನಕ್ಕೆ ನೆನಪಿರುತ್ತದೆ. ಹೆಸರು ನೆನಪಿದ್ದರೆ ಸಮೀಕ್ಷೆಯಲ್ಲಿ ಅಂಕಿ ಬರುತ್ತದೆ. ಅಂಕಿ ಬಂದರೆ ಮತ್ತೆ ವೇದಿಕೆ, ವೇದಿಕೆ ಸಿಕ್ಕರೆ ಮತ್ತೆ ಟಿವಿ. ಒಮ್ಮೆ ಹೊರಗೆ ಬಿದ್ದವರು ಒಳಗೆ ಬರೋದು ಕಷ್ಟ. ಇಷ್ಟೆಲ್ಲ ನಡೆಯೋದು ಒಂದು ಮತವೂ ಬೀಳುವ ಮುಂಚೆ. ಕಮಲಾ ಹ್ಯಾರಿಸ್ ಆ ಸಲ 2019ರ ಡಿಸೆಂಬರ್‌ನಲ್ಲೇ ಕಣದಿಂದ ಹಿಂದೆ ಸರಿದರು. ಮೊದಲ ಮತದಾನ ಅಯೋವಾದಲ್ಲಿ ನಡೆದದ್ದು 2020ರ ಫೆಬ್ರವರಿಯಲ್ಲಿ. ನ್ಯೂಜೆರ್ಸಿಯ ಸರದಿ ಬರೋದು ಸಾಮಾನ್ಯವಾಗಿ ಜೂನ್‌ಗೆ. ಅಷ್ಟೊತ್ತಿಗೆ ಮಗಳು ಮೆಚ್ಚಿದವರು ಮತಪತ್ರದಲ್ಲಿ ಇದ್ದರೂ ಕಣದಲ್ಲಿ ಇರದೇ ಹೋಗಬಹುದು. ಮರುದಿನದ ಸುದ್ದಿಯಲ್ಲಿ 'ಗೆದ್ದವರು, ಸೋತವರು' ಅಂತ ಪಟ್ಟಿ ಹಾಕುತ್ತಾರಲ್ಲ, ಅದರ ಪೆಟ್ಟು ತಟ್ಟೋದು ಹೀಗೆ. ನಿಮ್ಮ ಮಗಳ ಹಕ್ಕಿನ ಒಂದು ಭಾಗವನ್ನು ಬೇರೆ ಯಾರೋ ಮೊದಲೇ ಚಲಾಯಿಸಿಬಿಟ್ಟಿರುತ್ತಾರೆ.

ಹಾಗಂತ ಡಿಬೇಟ್ ನೋಡಬೇಡಿ ಅನ್ನೋದಿಲ್ಲ. ನೋಡಲೇಬೇಕು. ಆದರೆ ಮುಗಿದ ಕೂಡಲೇ ಟಿವಿ ಆರಿಸಲಿ. ವಿಶ್ಲೇಷಕರು ಬಾಯಿ ತೆಗೆಯುವ ಮೊದಲು ಒಂದು ಹಾಳೆಯಲ್ಲಿ ಬರೆದಿಡಲಿ: ನನಗೆ ಬೇಕಾದ ವಿಷಯ ಯಾವುದು, ಅದನ್ನು ಕೇಳಿದರಾ, ಯಾರು ನೇರವಾಗಿ ಉತ್ತರ ಕೊಟ್ಟರು, ಯಾರು ಮಾತು ಹೊರಳಿಸಿದರು. ಮರುದಿನ ಪತ್ರಿಕೆ ಓದುವಾಗ ಆ ಹಾಳೆ ಪಕ್ಕದಲ್ಲಿರಲಿ. ಅಲ್ಲಿ ರಾತ್ರಿ 9ಕ್ಕೆ ಶುರುವಾದರೆ ಬೇಸಿಗೆಯಲ್ಲಿ ನಮಗೆ ಬೆಳಗಿನ ಆರೂವರೆ. ಚಹಾ ಕುಡಿಯುತ್ತಾ ನೀವೂ ನೇರವಾಗಿ ನೋಡಬಹುದು. ಇಬ್ಬರೂ ಬೇರೆ ಬೇರೆ ಬರೆದು ಆಮೇಲೆ ಫೋನ್‌ನಲ್ಲಿ ಹೋಲಿಸಿ ನೋಡಿ. ಇನ್ನೊಂದು ಮಾತು. ನ್ಯೂಜೆರ್ಸಿಯಲ್ಲಿ ಒಂದು ಪಕ್ಷದವರಾಗಿ ನೋಂದಾಯಿಸಿಕೊಂಡವರು ಇನ್ನೊಂದು ಪಕ್ಷದ ಪ್ರೈಮರಿಯಲ್ಲಿ ಮತ ಹಾಕುವಂತಿಲ್ಲ. ಯಾವ ಪಕ್ಷಕ್ಕೂ ಸೇರದವರು ಆ ದಿನವೇ ಪಕ್ಷ ಆರಿಸಿಕೊಳ್ಳಬಹುದು. ಮಗಳು ತನ್ನ ನೋಂದಣಿ ಹೇಗಿದೆ ಅಂತ ಮೊದಲೇ ನೋಡಿಕೊಳ್ಳಲಿ.

ಪ್ರಶ್ನೆ: ಡಿಬೇಟ್‌ನಲ್ಲಿ ಚೆನ್ನಾಗಿ ಮಾತಾಡಿದವರೇ ಗೆಲ್ಲುತ್ತಾರಾ?
(ಓದುಗರು, ಗೋಕಾಕ)

ಇಲ್ಲ. 2023ರಲ್ಲಿ ಡೊನಾಲ್ಡ್ ಟ್ರಂಪ್ ತಮ್ಮ ಪಕ್ಷದ ಒಂದು ಪ್ರೈಮರಿ ಡಿಬೇಟ್‌ಗೂ ಬರಲಿಲ್ಲ. ಅಭ್ಯರ್ಥಿಯಾದವರು ಅವರೇ. ಬರದೇ ಇರೋದು ಮತದಾರರಿಗೆ ಮಾಡಿದ ಅಗೌರವ ಅಂತ ನನ್ನ ಅಭಿಪ್ರಾಯ. ಅಲ್ಲಿನ ಮತದಾರರು ಬೇರೆ ಥರ ಯೋಚಿಸಿದರು.

ಪ್ರಶ್ನೆ: ನಾನು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಅಮೆರಿಕದ ಒಬ್ಬ ಗವರ್ನರ್ ಡಿಬೇಟ್‌ನಲ್ಲಿ ಮಾತು ಮರೆತು 'ಊಪ್ಸ್' ಅಂದ ವಿಡಿಯೊ ನೋಡಿದೆ. ಅಷ್ಟಕ್ಕೇ ಅವರ ಕಥೆ ಮುಗಿಯಿತಂತೆ. ಹಾಗೆ ಮರೆತವರನ್ನು ತಿರಸ್ಕರಿಸೋದು ನ್ಯಾಯವೇ?
(ಓದುಗರು, ಸಿಂದಗಿ)

ಅವರು ಟೆಕ್ಸಾಸ್‌ನ ಆಗಿನ ಗವರ್ನರ್ ರಿಕ್ ಪೆರಿ. 2011ರ ನವೆಂಬರ್ 9ರ ಡಿಬೇಟ್. ನಾನು ಅಧ್ಯಕ್ಷನಾದರೆ ಮೂರು ಇಲಾಖೆ ಮುಚ್ಚುತ್ತೇನೆ ಅಂದರು. ವಾಣಿಜ್ಯ, ಶಿಕ್ಷಣ ಅಂದರು, ಮೂರನೆಯದು ನೆನಪಾಗಲಿಲ್ಲ. ಬೆರಳು ಮಡಚಿದರು, ಪಕ್ಕದವರತ್ತ ತಿರುಗಿದರು, ಕೊನೆಗೆ ಕೈಚೆಲ್ಲಿ 'ಊಪ್ಸ್' ಅಂದರು. ಇಂಧನ ಇಲಾಖೆ ಅದು. ಮುಂದೆ 2017ರಲ್ಲಿ ಅದೇ ಇಲಾಖೆಗೆ ಅವರೇ ಮುಖ್ಯಸ್ಥರಾದರು.

ಮರೆವು ಯಾರಿಗೂ ಬರುತ್ತದೆ. ಪರೀಕ್ಷೆ ಹಾಲ್‌ನಲ್ಲಿ ಬಲ್ಲ ಉತ್ತರ ಮರೆತು ಕಣ್ಣೀರು ಹಾಕಿದ ಜಾಣ ಮಕ್ಕಳನ್ನು ನಾನು ನೋಡಿದ್ದೇನೆ. ಬೆಳಕು, ಕ್ಯಾಮೆರಾ, ಎದುರಿಗೆ ಕೂತ ಸಾವಿರಾರು ಜನ, ಅಲ್ಲಿ ನಾಲಿಗೆ ತಡವರಿಸಿದರೆ ಅದೊಂದೇ ಕಾರಣಕ್ಕೆ ಮನುಷ್ಯ ಅಯೋಗ್ಯ ಅಂತ ನಾನು ಹೇಳಲಾರೆ. ನನ್ನ ಸಂಕಟ ಬೇರೆ. ಒಂದು ದೇಶದ ಶಿಕ್ಷಣ ಇಲಾಖೆಯನ್ನೇ ಮುಚ್ಚುತ್ತೇನೆ ಅಂದರಲ್ಲ, ಅದು ನೆನಪಿದ್ದ ಇಲಾಖೆ! ಅದನ್ನು ಮುಚ್ಚಿದರೆ ಬಡ ಮಕ್ಕಳ ಶಾಲೆಗೆ ಬರುವ ಹಣ ಏನಾಗುತ್ತದೆ? ಕಾಲೇಜು ಸಾಲ ಯಾರು ನೋಡುತ್ತಾರೆ? ನೀವು ನೋಡಿದ ತುಣುಕಿನಲ್ಲಿ ಈ ಪ್ರಶ್ನೆ ಇತ್ತಾ? ಮರೆತ ಇಲಾಖೆ ಸುದ್ದಿಯಾಯಿತು, ಮುಚ್ಚಲು ಹೊರಟ ಇಲಾಖೆ ಸುದ್ದಿಯಾಗಲಿಲ್ಲ. ಪರೀಕ್ಷೆಗೆ ಓದುವಾಗ ಇದನ್ನು ಒಂದು ಉದಾಹರಣೆಯಾಗಿ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಅಕ್ಕೋರೇ, ನಾನು ನಿಮ್ಮ ಹಳೇ ವಿದ್ಯಾರ್ಥಿ, ಈಗ ಕಬ್ಬು ಬೆಳೀತೀನಿ. ಅಮೆರಿಕದ ಡಿಬೇಟ್ ಎಷ್ಟೇ ಕೆಟ್ಟದಿರಲಿ, ಅಲ್ಲಿ ಅಭ್ಯರ್ಥಿ ಜನರ ಮುಂದೆ ನಿಲ್ಲುತ್ತಾನೆ. ನಮ್ಮಲ್ಲಿ ಟಿಕೆಟ್ ಯಾರಿಗೆ ಅಂತ ಟಿವಿ ನೋಡಿ ತಿಳೀಬೇಕು. ನಮ್ಮಲ್ಲೂ ಅಂಥದ್ದು ಆಗಬಾರದೇಕೆ?
(ಓದುಗರು, ಜಮಖಂಡಿ)

ಆಗಬೇಕು ಕಣಪ್ಪಾ. ನನ್ನ ಮನಸ್ಸಿನಲ್ಲಿ ಇರುವುದನ್ನೇ ಕೇಳಿದ್ದೀಯ.

ಚುನಾವಣೆ ಹತ್ತಿರ ಬಂದಾಗ ಗಾಂಧಿ ಚೌಕದ ಹತ್ತಿರ ಚಹಾ ಅಂಗಡಿಗಳಲ್ಲಿ ಟಿವಿ ಮುಂದೆ ಜನ ನಿಂತಿರುತ್ತಾರೆ. ಪರದೆ ಮೇಲೆ ಕೆಂಪು ಪಟ್ಟಿ, 'ಪಟ್ಟಿ ಬಿಡುಗಡೆಗೆ ಕ್ಷಣಗಣನೆ' ಅಂತ. ಆಕಾಂಕ್ಷಿಗಳು ಬೆಂಗಳೂರಿಗೆ ಹೋದರು, ದೆಹಲಿಗೆ ಹೋದರು, ಯಾರ ಮನೆ ಬಾಗಿಲಲ್ಲಿ ಎಷ್ಟು ಹೊತ್ತು ಕಾದರು ಅಂತ ಮಿನಿಟು ಮಿನಿಟಿನ ಸುದ್ದಿ. ಅವರ ಕಾರು ಕಾಣುತ್ತದೆ, ಗೇಟು ಕಾಣುತ್ತದೆ. ಒಳಗೆ ಆದ ಮಾತು ಯಾರಿಗೂ ಕಾಣದು. ಟಿಕೆಟ್ ಸಿಕ್ಕವರು ನೀರಿನ ಬಗ್ಗೆ ಏನು ಅಂದುಕೊಂಡಿದ್ದಾರೆ, ಕಬ್ಬಿನ ಬಾಕಿ ಬಗ್ಗೆ ಏನು ಹೇಳುತ್ತಾರೆ ಅಂತ ಒಬ್ಬ ವರದಿಗಾರನೂ ಕೇಳೋದಿಲ್ಲ. ಅವರ ಜಾತಿಯ ಮತ ಎಷ್ಟು ಅನ್ನೋ ಲೆಕ್ಕ ಮಾತ್ರ ಬಂದೇ ಬರುತ್ತದೆ.

2024ರ ಲೋಕಸಭೆ ಚುನಾವಣೆ ಹೊತ್ತಿನಲ್ಲಿ ಒಂದು ಸಂಜೆ ಕೂತು ಒಂದು ಚಾನೆಲ್‌ನ ಚರ್ಚೆ ಪೂರ್ತಿ ನೋಡಿದೆ. ಪರದೆ ತುಂಬ ಮುಖಗಳು, ನಿರೂಪಕರ ಕೂಗು ಎಲ್ಲರಿಗಿಂತ ಮೇಲೆ. ಬಾಗಲಕೋಟೆ ಮತ್ತು ವಿಜಯಪುರ ಕ್ಷೇತ್ರಗಳ ಬಗ್ಗೆಯೇ ಚರ್ಚೆ ಅದು. ಆಲಮಟ್ಟಿ ಅನ್ನೋ ಪದ ಒಮ್ಮೆಯೂ ಬರಲಿಲ್ಲ. ಅಣೆಕಟ್ಟಿನ ನೀರಿನ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಲು ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ಏರಿಸಿದರೆ ವಿಜಯಪುರದ ಒಣ ಹೊಲಗಳಿಗೆ ನೀರು, ಬಾಗಲಕೋಟೆಯ ಎಷ್ಟೋ ಊರುಗಳಿಗೆ ಮತ್ತೆ ಮುಳುಗಡೆ. ಪರಿಹಾರ ಎಷ್ಟು, ಯಾವಾಗ, ಮನೆ ಎಲ್ಲಿ? ಒಂದೇ ಪ್ರಶ್ನೆ ಇಟ್ಟುಕೊಂಡು, ಆ 1948ರ ರೇಡಿಯೊ ಥರ, ಎರಡೂ ಕಡೆಯ ಅಭ್ಯರ್ಥಿಗಳನ್ನು ಒಂದು ಗಂಟೆ ಕೂರಿಸಿದ್ದರೆ ಎಷ್ಟು ಜನ ಕೆಲಸ ಬಿಟ್ಟು ನೋಡುತ್ತಿದ್ದರು ಗೊತ್ತಾ? ಬೀಳಗಿ ಕಡೆ ಒಂದು ಮನೆಯಲ್ಲೂ ಟಿವಿ ಆರುತ್ತಿರಲಿಲ್ಲ. ನಮ್ಮ ಚಾನೆಲ್‌ಗಳು ಅಮೆರಿಕದಿಂದ ಜಗಳ ತಂದವು, ಪ್ರಶ್ನೆ ತರಲಿಲ್ಲ.

ಮಾತಿಗೆ ಮರುಳಾಗುವ ಜನ ನಾವಲ್ಲ. ಅದಕ್ಕೆ ನಿನ್ನ ತಾಲೂಕಿನ ಕಥೆಯೇ ಇದೆ. 1991ರಲ್ಲಿ ರಾಮಕೃಷ್ಣ ಹೆಗಡೆಯವರು ಬಾಗಲಕೋಟೆಯಿಂದ ಲೋಕಸಭೆಗೆ ನಿಂತರು. ಮುಖ್ಯಮಂತ್ರಿಯಾಗಿದ್ದವರು, ದೇಶಕ್ಕೆಲ್ಲ ಗೊತ್ತಿದ್ದ ಹೆಸರು, ಮಾತಿನಲ್ಲಿ ಅವರನ್ನು ಮೀರಿಸುವವರು ಕಡಿಮೆ. ಎದುರಿಗೆ ಸಿದ್ದು ನ್ಯಾಮಗೌಡರು. ಚಿಕ್ಕಪಡಸಲಗಿಯಲ್ಲಿ ರೈತರನ್ನು ಕಟ್ಟಿಕೊಂಡು, ರೈತರದೇ ದುಡ್ಡು, ರೈತರದೇ ಬೆವರು ಹಾಕಿ 1989ರಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿಸಿದವರು. ಗೆದ್ದದ್ದು ನ್ಯಾಮಗೌಡರು. ಟಿವಿ ಡಿಬೇಟ್ ಇದ್ದಿದ್ದರೆ ಆ ರಾತ್ರಿ ಹೆಗಡೆಯವರೇ ಗೆದ್ದರು ಅಂತ ವಿಶ್ಲೇಷಕರು ಹೇಳುತ್ತಿದ್ದರೋ ಏನೋ. ಜನ ತಮ್ಮ ಕಣ್ಣಾರೆ ಕಂಡ ನೀರನ್ನು ಲೆಕ್ಕಕ್ಕೆ ಹಿಡಿದರು.

ಪ್ರೈಮರಿ ಥರದ ಕಾನೂನು ನಮ್ಮಲ್ಲಿಲ್ಲ. ಟಿಕೆಟ್ ಕೊಡೋದು ಪಕ್ಷದ ಕೈಯಲ್ಲಿದೆ. ಅಮೆರಿಕದಲ್ಲೂ ಇದು ತಾನಾಗಿ ಬಂದದ್ದಲ್ಲ. 1968ರಲ್ಲಿ ಶಿಕಾಗೊದಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಾವೇಶ ನಡೆದಾಗ, ಪ್ರೈಮರಿಗೇ ನಿಲ್ಲದ ಹ್ಯೂಬರ್ಟ್ ಹಂಫ್ರಿಯನ್ನು ಮುಖಂಡರು ಅಭ್ಯರ್ಥಿ ಮಾಡಿದರು. ಬೀದಿಯಲ್ಲಿ ದೊಡ್ಡ ಗಲಾಟೆಯಾಯಿತು. ಆಮೇಲೆಯೇ ಪಕ್ಷ ನಿಯಮ ಬದಲಿಸಿತು, ಪ್ರೈಮರಿಗಳು ಹೆಚ್ಚಿದವು. ಪಕ್ಷದೊಳಗಿನ ಕಾರ್ಯಕರ್ತರು ಕೇಳಿದ್ದರಿಂದ ಆದ ಬದಲಾವಣೆ ಅದು. ನಿಮ್ಮೂರಲ್ಲೂ ಪ್ರತಿ ಪಕ್ಷಕ್ಕೂ ಬೂತ್ ಮಟ್ಟದ ಕಾರ್ಯಕರ್ತರಿದ್ದಾರೆ. ಟಿಕೆಟ್ ಆಕಾಂಕ್ಷಿಗಳು ಮೊದಲು ನಮ್ಮೆದುರು ಕೂತು ಮಾತಾಡಲಿ ಅಂತ ಅವರು ಗಟ್ಟಿಯಾಗಿ ಕೇಳಲಿ. ಅಭ್ಯರ್ಥಿ ತೀರ್ಮಾನವಾದ ಮೇಲಾದರೂ ಎಲ್ಲರನ್ನೂ ಒಂದೇ ವೇದಿಕೆಗೆ ಕರೆಯಬಹುದು. ಎಷ್ಟೋ ಊರುಗಳಲ್ಲಿ ಸಂಘ ಸಂಸ್ಥೆಗಳು ಹಾಗೆ ಮಾಡಿವೆ. ಕಬ್ಬು ಬೆಳೆಗಾರರು ಸೇರಿ ಕರೆದರೆ ಬರೋದಿಲ್ಲ ಅನ್ನುವ ಧೈರ್ಯ ಜಮಖಂಡಿಯಲ್ಲಿ ಯಾವ ಅಭ್ಯರ್ಥಿಗಿದೆ? ಬರದವರ ಕುರ್ಚಿ ಖಾಲಿ ಬಿಡಿ, ಹೆಸರಿನ ಚೀಟಿ ಮಾತ್ರ ಇಡಿ.

ಪ್ರಶ್ನೆ: ಎಣಿಕೆಗೆ ಮೊದಲೇ ಯಾರು ಗೆಲ್ಲುತ್ತಾರೆ ಅಂತ ಟಿವಿ ಹೇಗೆ ಹೇಳುತ್ತದೆ? ನಂಬಬಹುದಾ?
(ಮೊದಲ ಸಲದ ಮತದಾರ್ತಿ, ಅಥಣಿ)

ಮತ ಹಾಕಿ ಹೊರಬಂದ ಕೆಲವರನ್ನು ಕೇಳಿ ಲೆಕ್ಕ ಹಾಕುತ್ತಾರೆ, ಅದು ಮತಗಟ್ಟೆ ಸಮೀಕ್ಷೆ. ಜನಪ್ರಾತಿನಿಧ್ಯ ಕಾಯ್ದೆಯ 126ಎ ಕಲಂ ಪ್ರಕಾರ ಮೊದಲ ಹಂತದ ಮತದಾನ ಶುರುವಾದಾಗಿನಿಂದ ಕೊನೇ ಹಂತ ಮುಗಿದು ಅರ್ಧ ಗಂಟೆ ಆಗುವವರೆಗೂ ಅದನ್ನು ತೋರಿಸುವಂತಿಲ್ಲ. ಹಾಗಾಗಿ 2024ರ ಮೇ 7ಕ್ಕೆ ನಮ್ಮ ಕಡೆ ಮತದಾನ ಆದರೂ ಜೂನ್ 1ರ ಸಂಜೆವರೆಗೆ ಕಾಯಬೇಕಾಯಿತು. ಆ ಸಂಜೆ ಹೆಚ್ಚಿನ ಚಾನೆಲ್‌ಗಳು ಎನ್‌ಡಿಎಗೆ 350ಕ್ಕೂ ಜಾಸ್ತಿ ಸೀಟು ಅಂದವು. ಜೂನ್ 4ಕ್ಕೆ ಬಂದದ್ದು 293. ಅಮೆರಿಕದಲ್ಲಿ 2000ನೇ ಇಸವಿಯ ನವೆಂಬರ್ 7ರಂದು, ಅಧ್ಯಕ್ಷರ ಚುನಾವಣೆಯ ರಾತ್ರಿ, ಚಾನೆಲ್‌ನವರು ಫ್ಲಾರಿಡಾ ರಾಜ್ಯ ಅಲ್ ಗೋರ್‌ಗೆ ಅಂದರು, ವಾಪಸ್ ತಗೊಂಡರು, ಬುಷ್‌ಗೆ ಅಂದರು, ಅದನ್ನೂ ವಾಪಸ್ ತಗೊಂಡರು. ನೋಡೋದು ಬಿಡೋದು ನಿನಗೆ ಬಿಟ್ಟದ್ದು ತಂಗಿ. ಆದರೆ ಗೆಲ್ಲುವ ಕಡೆಗೇ ಮತ ಹಾಕಬೇಕು ಅಂತ ಯಾರಾದರೂ ಹೇಳಿದರೆ ಕೇಳಬೇಡ.

ಪ್ರಶ್ನೆ: ನನ್ನದು ಸೀರೆ ಅಂಗಡಿ, ಟಿವಿ ದಿನವಿಡೀ ನಡೆದಿರುತ್ತದೆ. ಹೋದ ಚುನಾವಣೆಯಲ್ಲಿ ಒಂದು ಚಾನೆಲ್ ಒಬ್ಬರೇ ಅಭ್ಯರ್ಥಿಯ ಹೊಗಳಿಕೆಯನ್ನು ಸುದ್ದಿ ಥರ ಮತ್ತೆ ಮತ್ತೆ ಹಾಕಿತು. ಅದು ಜಾಹೀರಾತು ಅಂತ ಎಲ್ಲೂ ಬರೆದಿರಲಿಲ್ಲ. ಯಾರಿಗೆ ಹೇಳೋದು?
(ಓದುಗರು, ಇಳಕಲ್ಲ)

ನಿಮ್ಮ ಅನುಮಾನ ಸರಿಯಾದದ್ದೇ. ಕಾಸು ಕೊಟ್ಟು ಹಾಕಿಸಿದ ಸುದ್ದಿ ಇರಬಹುದು. ಚುನಾವಣೆ ವೇಳೆ ಪ್ರತಿ ಜಿಲ್ಲೆಯಲ್ಲೂ ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿ ಇರುತ್ತದೆ. ಜಿಲ್ಲಾ ಚುನಾವಣಾಧಿಕಾರಿ, ಅಂದರೆ ಜಿಲ್ಲಾಧಿಕಾರಿ, ಅದರ ಮುಖ್ಯಸ್ಥರು. ಟಿವಿಯಲ್ಲಿ ಬರುವ ರಾಜಕೀಯ ಜಾಹೀರಾತಿಗೆ ಮೊದಲೇ ಒಪ್ಪಿಗೆ ಪಡೆಯಬೇಕು. ಕಾಸಿನ ಸುದ್ದಿ ಅಂತ ತೀರ್ಮಾನವಾದರೆ ಅದರ ವೆಚ್ಚವನ್ನು ಅಭ್ಯರ್ಥಿಯ ಖರ್ಚಿಗೆ ಸೇರಿಸುತ್ತಾರೆ. ನಮ್ಮ ರಾಜ್ಯದಲ್ಲಿ ಖರ್ಚಿನ ಮಿತಿ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ ರೂಪಾಯಿ. ಹಾಗಾಗಿ ಅಭ್ಯರ್ಥಿಗಳಿಗೆ ಈ ಸಮಿತಿಯ ಭಯ ಇದ್ದೇ ಇದೆ. ದೂರು ಬರದಿದ್ದರೆ ಮಾತ್ರ ಎಷ್ಟೋ ಪ್ರಕರಣ ಕಣ್ತಪ್ಪಿ ಹೋಗುತ್ತವೆ. ಮುಂದಿನ ಸಲ ಅಂಥದ್ದು ಕಂಡರೆ ಮೊಬೈಲ್‌ನಲ್ಲಿ ಆ ತುಣುಕು ಹಿಡಿದಿಟ್ಟುಕೊಳ್ಳಿ. ಚಾನೆಲ್ ಹೆಸರು, ತಾರೀಖು, ಎಷ್ಟು ಗಂಟೆಗೆ ಬಂತು, ಎಷ್ಟು ಸಲ ಬಂತು ಅಂತ ಬರೆದು ಬಾಗಲಕೋಟೆ ನವನಗರದ ಜಿಲ್ಲಾಧಿಕಾರಿ ಕಚೇರಿಗೆ ಕೊಡಿ. ಸ್ವೀಕೃತಿ ಪತ್ರ ತೆಗೆದುಕೊಳ್ಳದೇ ಬರಬೇಡಿ.